ಜೋಡಿ ಪ್ಯಾಕ್ ಪರವಾಗಿಲ್ಲ, ಆ ಫೋನ್ ಕಾಟ ಮಾತ್ರ ಬೇಡ

ಮಗುವಿಗೆ ಪ್ರಯತ್ನಿಸುವ ದಂಪತಿಗಳಿಗೆ ಅಂತ ಆನ್‌ಲೈನಲ್ಲಿ ವಿಟಮಿನ್ ಮಾರುತ್ತಾರಲ್ಲ, ಹೆಂಡತಿಗೊಂದು ಡಬ್ಬ, ಗಂಡನಿಗೊಂದು ಡಬ್ಬ, ಅಂಥದ್ದನ್ನು ವರ್ಷದ ಮೇಲೆ ಬಳಸಿ ಈಗ ನಿಲ್ಲಿಸಿದ್ದೇವೆ. ಕಂಪನಿ ಹೆಸರು ಹೇಳುವುದಿಲ್ಲ. ಒಳಗೆ ಏನೇನಿದೆ ಅನ್ನೋದು ಲೇಬಲ್ ಮೇಲೇ ಇರುತ್ತದೆ, ನೋಡಿಕೊಳ್ಳಿ.

ಮಾತ್ರೆ ಬಗ್ಗೆ ನನಗೆ ತಕರಾರಿಲ್ಲ. ನಿಜ ಹೇಳಬೇಕೆಂದರೆ ಅದರ ಸುತ್ತ ಬೆಳೆದ ಅಭ್ಯಾಸವೇ ಇಷ್ಟವಾಯಿತು. ಮನೆಯಲ್ಲಿ ಹಳೇ ಸ್ಟೀಲ್ ಒಗ್ಗರಣೆ ಡಬ್ಬಿ ಇತ್ತು, ಒಳಗೆ ಏಳು ಬಟ್ಟಲು. ವಾರಕ್ಕೂ ಏಳೇ ದಿನ ಅಲ್ವಾ! ಭಾನುವಾರ ರಾತ್ರಿ ಇವರು ಅದನ್ನು ಮುಂದಿಟ್ಟುಕೊಂಡು ಕೂತು ನನ್ನ ಮಾತ್ರೆ, ತಮ್ಮ ಕ್ಯಾಪ್ಸೂಲ್ ಎರಡನ್ನೂ ಬಟ್ಟಲು ಬಟ್ಟಲಿಗೆ ಹಂಚುತ್ತಿದ್ದರು. ಎಷ್ಟು ತಿಕ್ಕಿ ತೊಳೆದರೂ ಮಾತ್ರೆಗೆ ಸಣ್ಣಗೆ ಇಂಗಿನ ವಾಸನೆ. ನನ್ನದರಲ್ಲಿ ಕಬ್ಬಿಣದಂಶ ಇದೆ, ಕಾಫಿ ಜೊತೆ ತಗೊಂಡರೆ ಅದು ಅಷ್ಟಾಗಿ ಮೈಗೆ ಹತ್ತುವುದಿಲ್ಲ. ಬೆಳಗಿನ ಕಾಫಿ ಬಿಡುವುದು ನನ್ನ ಕೈಲಾಗದ ಮಾತು. ಹಾಗಾಗಿ ಮಾತ್ರೆಯನ್ನೇ ಮಧ್ಯಾಹ್ನಕ್ಕೆ ತಳ್ಳಿದೆ, ಊಟಕ್ಕೆ ನಿಂಬೆ ಹಿಂಡಿಕೊಂಡು. ಇವರ ಕ್ಯಾಪ್ಸೂಲಲ್ಲಿ ಜಿಂಕ್ ಜಾಸ್ತಿ, ಖಾಲಿ ಹೊಟ್ಟೆಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ.

ಸಿಟ್ಟು ಬಂದಿದ್ದು ಫೋನಿನಿಂದ. ಪ್ಯಾಕ್ ಜೊತೆ 'ನ್ಯೂಟ್ರಿಷನ್ ಕೋಚ್' ಉಚಿತ. ತಿಂಗಳು ತುಂಬುತ್ತಿದ್ದ ಹಾಗೆ ಒಂದು ಹುಡುಗಿ ಫೋನ್ ಮಾಡುತ್ತಾಳೆ. "ಮೇಡಂ, ಈ ತಿಂಗಳು ಗುಡ್ ನ್ಯೂಸ್ ಏನಾದ್ರೂ?" ಮುಟ್ಟಾಗಿ ಹೊಟ್ಟೆ ಹಿಡಿದುಕೊಂಡು ಮಲಗಿರುವಾಗ ಇದನ್ನು ಕೇಳಿಸಿಕೊಳ್ಳಬೇಕು. ಇಲ್ಲ ಅಂದರೆ, "ಪರವಾಗಿಲ್ಲ ಮೇಡಂ, ಮೂರು ತಿಂಗಳ ಪ್ಯಾಕಿಗೆ ಡಿಸ್ಕೌಂಟ್ ಇದೆ." ಮದುವೆ ಮನೆಯಲ್ಲಿ ದೂರದ ನೆಂಟರು ಪುಕ್ಕಟೆ ಕೇಳುವ ಪ್ರಶ್ನೆಯನ್ನು ನಾನು ತಿಂಗಳಿಗೆ ಎರಡು ಸಾವಿರದ ಹತ್ತಿರ ಕೊಟ್ಟು ಕೇಳಿಸಿಕೊಳ್ಳುತ್ತಿದ್ದೆ. ಸಾಲದ್ದಕ್ಕೆ ಪಾರ್ಸೆಲ್ ಮೇಲೂ ದಪ್ಪಕ್ಷರದಲ್ಲಿ 'ಫರ್ಟಿಲಿಟಿ'. ವಾಚ್‌ಮನ್‌ಗೆ ಗೊತ್ತಾದ ಮೇಲೆ ಅಪಾರ್ಟ್‌ಮೆಂಟಿಗೆಲ್ಲ ಗೊತ್ತಾದ ಹಾಗೆ.

ಆ ಹುಡುಗಿ ಮೇಲಿನ ಸಿಟ್ಟಿಗೇ ಲೇಬಲ್ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋದೆ. ಅವರು ಪೆನ್ ತೆಗೆದು ಫೋಲಿಕ್ ಆಸಿಡ್ ಸುತ್ತ ಒಂದು ಸುತ್ತು ಹಾಕಿದರು. ಇದು ಬೇಕೇ ಬೇಕು, ಬಸಿರಾಗುವ ಮೊದಲಿಂದಲೇ ಬೇಕು ಅಂದರು. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಮೊದಲ ನಾಲ್ಕು ವಾರದಲ್ಲೇ ಮುಚ್ಚಿಕೊಳ್ಳುತ್ತದೆ, ಅದು ಸರಿಯಾಗಿ ಮುಚ್ಚಿಕೊಳ್ಳಲು ಇದು ಬೇಕು, ಎಷ್ಟೋ ಜನಕ್ಕೆ ಅಷ್ಟರಲ್ಲಿ ಬಸಿರಾಗಿದ್ದೇ ಗೊತ್ತಿರುವುದಿಲ್ಲ. ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ ಸಾಕು, ಸಕ್ಕರೆ ಕಾಯಿಲೆ ಇದ್ದರೆ, ಫಿಟ್ಸ್ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರೇ ಜಾಸ್ತಿ ಬರೆಯುತ್ತಾರೆ. ಬರೀ ಫೋಲಿಕ್ ಆಸಿಡ್ ಸ್ಟ್ರಿಪ್ ಮೆಡಿಕಲ್ ಶಾಪಿನಲ್ಲಿ ನೂರು ರೂಪಾಯಿ ಒಳಗೇ ಸಿಕ್ಕಿತು. ನಾವು ಸಸ್ಯಾಹಾರಿಗಳು, ರಕ್ತ ಪರೀಕ್ಷೆ ಮಾಡಿಸಿದರೆ ಬಿ12 ಕಮ್ಮಿ. ಅದಕ್ಕೆ ಬೇರೆ ಮಾತ್ರೆ ಬಂತು.

ಗಂಡಸರ ಡಬ್ಬದ ಕತೆ ಬೇರೆ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಮೂರು ತಿಂಗಳ ಪ್ಯಾಕ್ ಅನ್ನುವುದಕ್ಕೆ ಅದೇ ನೆಪ. ನೆಪ ಸುಳ್ಳಲ್ಲ. ಆದರೆ 2020ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ, ಚಿಕಿತ್ಸೆಗೆ ಬಂದಿದ್ದ 2,370 ಜೋಡಿಗಳಲ್ಲಿ ಅರ್ಧದಷ್ಟು ಗಂಡಸರಿಗೆ ಆರು ತಿಂಗಳು ಫೋಲಿಕ್ ಆಸಿಡ್, ಜಿಂಕ್ ಕೊಟ್ಟು, ಉಳಿದವರಿಗೆ ಸುಮ್ನೆ ಔಷಧಿಯಿಲ್ಲದ ಸಪ್ಪೆ ಮಾತ್ರೆ ಕೊಟ್ಟು ನೋಡಿದರು. ವೀರ್ಯವೂ ಸುಧಾರಿಸಲಿಲ್ಲ, ಮಗುವಾದವರೂ ಹೆಚ್ಚಾಗಲಿಲ್ಲ, ಹೊಟ್ಟೆ ಕೆಟ್ಟವರು ಮಾತ್ರ ಹೆಚ್ಚಾದರು. ಇವರಿಗೆ ಇದನ್ನು ಓದಿ ಹೇಳಿದೆ. ಅವತ್ತೇ ಕ್ಯಾಪ್ಸೂಲ್ ಬಿಟ್ಟರು. ಸಿಗರೇಟು ಬಿಡಿ ಅಂದಿದ್ದಕ್ಕೆ ಮಾತ್ರ ಇಷ್ಟು ಬೇಗ ಒಪ್ಪಿರಲಿಲ್ಲ.

ಆದರೂ ತಗೊಳ್ಳುತ್ತೀವಿ ಅನ್ನುವವರು ಆರ್ಡರ್ ಮಾಡುವಾಗ ಕೆಳಗೆ ಸಣ್ಣಕ್ಷರದಲ್ಲಿರುವ 'ಕೋಚ್ ಕರೆ ಮಾಡಬಹುದು' ಅನ್ನೋ ಟಿಕ್ ತೆಗೆದುಬಿಡಿ. ನಾನು ತೆಗೆದ ಮೇಲೂ ಫೋನ್ ಬರುತ್ತಲೇ ಇತ್ತು. ಒಂದು ದಿನ ಇವರೇ ಎತ್ತಿ, "ನ್ಯೂಸ್ ಇದ್ದರೆ ಪೇಪರಿಗೆ ಹಾಕಿಸುತ್ತೇವೆ, ನೋಡಿಕೊಳ್ಳಿ ಮೇಡಂ" ಅಂದರು. ಆಮೇಲೆ ಬಂದಿಲ್ಲ.