ದೊಡ್ಡಕ್ಷರದ ಸತ್ಯವೇದ: ಕಾಯಿಲೆಯ ಮನೆಗೆ ಕೊಳ್ಳಬೇಕಾದ ಪುಸ್ತಕ

ಮನೆಯಲ್ಲಿ ಯಾರಾದರೂ ಹುಷಾರಿಲ್ಲದೆ ಮಲಗಿದ್ದಾರಾ? ಅವರ ಪ್ರಾರ್ಥನೆಗೆ ಅಂತ ಒಂದೇ ಒಂದು ವಸ್ತು ಕೊಳ್ಳುವುದಾದರೆ ದೊಡ್ಡಕ್ಷರದ ಕನ್ನಡ ಸತ್ಯವೇದ, ಅಂದರೆ ಬೈಬಲ್, ಕೊಳ್ಳಿ. ಒಂದೊಂದು ಕಾರ್ಡಿನಲ್ಲಿ ಸತ್ಯವೇದದ ಒಂದೊಂದು ವಚನ ಇರುವ ವಾಗ್ದಾನದ ಕಾರ್ಡುಗಳ ಡಬ್ಬಿ ಬೇಡ. ಅಮ್ಮನಿಗೆ ಡಯಾಲಿಸಿಸ್ ಶುರುವಾದ ಮೇಲೆ ಎರಡನ್ನೂ ಬಳಸಿ ನೋಡಿ ಈ ಮಾತು ಹೇಳುತ್ತಿದ್ದೇನೆ.

ಅಕ್ಷರ ಚೆನ್ನಾಗಿದೆ. ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಂಡಿಲ್ಲ, ಪೊರೆ ಆಪರೇಷನ್ ಆದ ಅಮ್ಮನ ಕಣ್ಣಿಗೂ ವಾರ್ಡಿನ ಟ್ಯೂಬ್‌ಲೈಟಿನಲ್ಲಿ ಸಲೀಸಾಗಿ ಸಿಗುತ್ತವೆ. ಹಾಳೆ ತೆಳು, ಬೆರಳು ಒದ್ದೆ ಇದ್ದಾಗ ಜೋಪಾನ. ಭಾರ ಮಾತ್ರ ಜಾಸ್ತಿ, ಮಲಗಿದವರು ಕೈಯಲ್ಲಿ ಹಿಡಿದು ಓದುವ ಪುಸ್ತಕ ಇದಲ್ಲ, ಪಕ್ಕದಲ್ಲಿ ಕೂತವರು ಓದಿ ಹೇಳಬೇಕು. ಜಿಪ್ ಇರುವ ಕವರಿನದ್ದೇ ತಗೊಳ್ಳಿ.

ಭಾಷೆಯ ವಿಷಯಕ್ಕೂ ಗಮನ ಕೊಡಿ. ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ಕೆಲಸ ಮಾಡಿದ ಕನ್ನಡ ಸತ್ಯವೇದ 1831ರ ಹೊತ್ತಿಗೆ ಪೂರ್ತಿಯಾಯಿತು, ಆಮೇಲೆ ತಿದ್ದುಪಡಿಗಳಾದವು, ಈಗ ಸರಳ ಕನ್ನಡದ ಅನುವಾದಗಳೂ ಸಿಗುತ್ತವೆ. ಆದರೆ ಸಂಡೇ ಸ್ಕೂಲಿನಲ್ಲಿ ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ 23ನೇ ಕೀರ್ತನೆ ಬಾಯಿಪಾಠ ಮಾಡಿದ ಹಿರಿಯರಿಗೆ ಸಭೆಯಲ್ಲಿ ಕೇಳಿ ಬೆಳೆದ ಹಳೇ ಪಾಠವನ್ನೇ ಕೊಡಿ. ಸುಸ್ತಾಗಿ ಕಣ್ಣು ಮುಚ್ಚಿದ್ದಾಗ ನೆನಪಿಗೆ ಬರುವುದು ಅದೇ.

ಇನ್ನು ಕಾರ್ಡುಗಳು ಯಾಕೆ ಬೇಡ ಅಂದರೆ, ಅವು ಅರ್ಧ ಮಾತ್ರ ಹೇಳುತ್ತವೆ. ದೇವರ ಕರುಣೆ ದಿನಾ ಬೆಳಗ್ಗೆ ಹೊಸದು ಅನ್ನುವ ವಚನ ಸತ್ಯವೇದದ ಪ್ರಲಾಪಗಳು ಅನ್ನುವ ಪುಸ್ತಕದ ಮೂರನೇ ಅಧ್ಯಾಯದ್ದು, ಆ ಡಬ್ಬಿಯಲ್ಲೂ ಇತ್ತು, ಸೂರ್ಯೋದಯದ ಚಿತ್ರದ ಜೊತೆ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮೇಲೆ, ದೇವರು ಕಲ್ಲುಹರಳಿನಿಂದ ನನ್ನ ಹಲ್ಲು ಮುರಿದ ಅಂತ ಗೋಳಾಡುವ ವಚನ ಇದೆ. ಯೆರೂಸಲೇಮ್ ಹಾಳಾಗಿ ಬಿದ್ದಿರುವಾಗ ಅತ್ತವನ ಮಾತು ಅದು. ಆ ಅಳು ಓದಿದ ಮೇಲೆ ಕರುಣೆಯ ಮಾತಿಗೆ ಬಂದರೆ ನಂಬಬಹುದು ಅನಿಸುತ್ತದೆ. ಬರೀ ಕಾರ್ಡು ಓದಿದ ದಿನ ಅಮ್ಮ ಗೋಡೆ ಕಡೆ ತಿರುಗಿ ಮಲಗಿದ್ದರು.

ನೋಡಲು ಬಂದವರು 'ಎಲ್ಲದಕ್ಕೂ ಸ್ತೋತ್ರ ಹೇಳಿ, ಅಳಬೇಡಿ' ಅನ್ನುತ್ತಾರೆ. ಸ್ತೋತ್ರ ಅಂದರೆ ದೇವರಿಗೆ ಕೃತಜ್ಞತೆ. ಪ್ರೀತಿಯಿಂದಲೇ ಹೇಳುವುದು, ಆದರೆ ಕೀರ್ತನೆಗಳು ಹಾಗೆ ಹೇಳುವುದಿಲ್ಲ. 13ನೇ ಕೀರ್ತನೆ ತೆಗೆಯಿರಿ. ಇರುವುದೇ ಆರು ವಚನ. ಮೊದಲ ಎರಡರಲ್ಲೇ ಕೀರ್ತನೆಗಾರ ನಾಲ್ಕು ಸಲ ಇನ್ನೆಷ್ಟು ದಿನ ಅಂತ ದೇವರನ್ನು ಕೇಳುತ್ತಾನೆ, ಕೊನೆಗೆ ಹಾಡುತ್ತೇನೆ ಅನ್ನುತ್ತಾನೆ. 88ನೇ ಕೀರ್ತನೆಯಲ್ಲಿ ಅದೂ ಇಲ್ಲ, ಕತ್ತಲೆಯ ಮಾತಿಗೇ ಮುಗಿದುಹೋಗುತ್ತದೆ, ಆದರೂ ಅದು ಪ್ರಾರ್ಥನೆಯೇ ಅಲ್ವಾ? ಸ್ತೋತ್ರ ಬಾಯಿಗೆ ಬಾರದ ದಿನ ನಾವು ಅದನ್ನು ಓದಿ ಆಮೆನ್ ಅಂದು ಮುಗಿಸಿದ್ದೇವೆ.

ನಮಗೆ ತುಂಬಾ ಉಪಯೋಗಕ್ಕೆ ಬಂದಿದ್ದು 136ನೇ ಕೀರ್ತನೆ. ಇಪ್ಪತ್ತಾರು ವಚನ, ಪ್ರತಿ ವಚನದ ಕೊನೆಗೂ ಆತನ ಕೃಪೆ ಶಾಶ್ವತ ಅನ್ನುವ ಪಲ್ಲವಿ. ಅಮ್ಮನ ಕೈಗೆ ಎರಡು ಸೂಜಿ ಚುಚ್ಚಿರುತ್ತಾರೆ, ಆ ಕೈ ಅಲ್ಲಾಡಿಸುವ ಹಾಗಿಲ್ಲ, ಪಕ್ಕದಲ್ಲಿ ಮಿಷನ್ ಗುಯ್‌ಗುಡುತ್ತಿರುತ್ತದೆ, ಉದ್ದದ ಪ್ರಾರ್ಥನೆ ಮಾಡುವಷ್ಟು ಉಸಿರು ಇರುವುದಿಲ್ಲ. ನಾನು ವಚನದ ಮೊದಲರ್ಧ ಓದುತ್ತೇನೆ, ಅಮ್ಮ ಪಲ್ಲವಿ ಹೇಳುತ್ತಾರೆ. ಸೃಷ್ಟಿ, ಐಗುಪ್ತ (ಈಜಿಪ್ಟ್), ಕೆಂಪು ಸಮುದ್ರ ಎಲ್ಲಾ ದಾಟಿ 25ನೇ ವಚನಕ್ಕೆ ಬಂದರೆ ಅಲ್ಲಿ ಊಟದ ಮಾತು, ಜೀವಿಗಳಿಗೆಲ್ಲಾ ಆಹಾರ ಕೊಡುವವನು ಅಂತ. ಒಂದು ದಿನ ಅಲ್ಲಿ ಅಮ್ಮ ನನ್ನನ್ನು ತಡೆದು ತಾವೇ ಸೇರಿಸಿದರು: 'ಉಪ್ಪಿಲ್ಲದಿದ್ರೂ ಎರಡು ತುತ್ತು ಒಳಗೆ ಹೋಯ್ತು, ಆತನ ಕೃಪೆ ಶಾಶ್ವತ. ಸಿಸ್ಟರ್ ಇವತ್ತು ಒಂದೇ ಸಲಕ್ಕೆ ಸೂಜಿ ಹಾಕಿದ್ರು, ಆತನ ಕೃಪೆ ಶಾಶ್ವತ.' ಕಿಡ್ನಿ ಹೋಗಿದ್ದಕ್ಕೆ ಸ್ತೋತ್ರ ಅಂತ ಅಮ್ಮ ಯಾವತ್ತೂ ಹೇಳಿಲ್ಲ. ನಾನೂ ಹೇಳಿ ಅನ್ನುವುದಿಲ್ಲ. ಆ ದಿನ ಕೈಗೆ ಸಿಕ್ಕಿದ್ದಕ್ಕೆ ಹೇಳಿದರು, ಅಷ್ಟೇ, ಮತ್ತು ಅದು ಮನಸ್ಸಿನಿಂದ ಬಂದ ಸ್ತೋತ್ರ.

ಇಡೀ ಪುಸ್ತಕ ಕೈಯಲ್ಲಿದ್ದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬಹುದು, ಇದು ಬಿಡಿ ಕಾರ್ಡಿನಲ್ಲಿ ಆಗುವುದಿಲ್ಲ. ಸ್ತೋತ್ರ ಸೇರಿಸಿ ಪ್ರಾರ್ಥನೆ ಮಾಡಿ ಅಂತ ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದಿದ್ದು ಬೇಡಿ ಹಾಕಿಸಿಕೊಂಡು ಕೂತಿದ್ದಾಗ. ಅಪೊಸ್ತಲರ ಕೃತ್ಯಗಳು ಪುಸ್ತಕದ 16ನೇ ಅಧ್ಯಾಯ ತೆಗೆದರೆ, ಅದೇ ಫಿಲಿಪ್ಪಿ ಊರಲ್ಲಿ ಪೌಲನೂ ಅವನ ಜೊತೆಗಾರ ಸೀಲನೂ ಏಟು ತಿಂದು, ಕಾಲಿಗೆ ಕೋಳ ಹಾಕಿಸಿಕೊಂಡು ನಡುರಾತ್ರಿ ಹಾಡಿದ್ದು ಸಿಗುತ್ತದೆ. ಎರಡನ್ನೂ ಒಟ್ಟಿಗೆ ಓದಿ.

ಬೆಂಗಳೂರಿನವರಿಗೆ ಎಂ.ಜಿ. ರಸ್ತೆಯ ಬೈಬಲ್ ಸೊಸೈಟಿ ಇದೆ, ಬೇರೆ ಊರಿನವರು ಸಭೆಯ ಅಯ್ಯನವರನ್ನು (ಪಾಸ್ಟರ್) ಕೇಳಿದರೆ ತರಿಸಿಕೊಡುತ್ತಾರೆ. ಓಡಾಡುವಾಗ ಭಾರ ಆಗುತ್ತದೆ ಅನ್ನುವವರು ಹೊಸ ಒಡಂಬಡಿಕೆಯೂ ಕೀರ್ತನೆಗಳೂ ಸೇರಿರುವ ಚಿಕ್ಕ ಪುಸ್ತಕ ಕೇಳಿ, ಆದರೆ ಅದರ ಅಕ್ಷರ ಸಣ್ಣದು. ಆನ್‌ಲೈನಿನಲ್ಲಿ ಫೋಟೋ ನೋಡಿ ತರಿಸಬೇಡಿ. ಆದಷ್ಟು ಓದುವವರನ್ನೇ ಕರೆದುಕೊಂಡು ಹೋಗಿ, ಅವರ ಕನ್ನಡಕ ಹಾಕಿಸಿ, 136ನೇ ಕೀರ್ತನೆ ತೆರೆದು ನಾಲ್ಕು ಸಾಲು ಓದಿಸಿ, ಆಮೇಲೆ ದುಡ್ಡು ಕೊಡಿ.