ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರೇ, ಅಂಗಡಿಯವರು ಎಣಿಸಿ ತೋರಿಸುವ ಕೋರ್‌ಗಳನ್ನು ನಂಬಬೇಡಿ

ದಾವಣಗೆರೆಯಲ್ಲಿ ಮದುವೆ ವಿಡಿಯೊ ಸಂಕಲನ ಮಾಡುವ ನನ್ನ ತಮ್ಮನಿಗೆ ಆದ ಮೋಸ ಇದು. ನಗರದ ಅಂಗಡಿಯೊಂದರಲ್ಲಿ ಅವನು 'ನಾಲ್ಕು ಕೋರ್‌ನ ಐ5' ಎಂಬ ಹಳೆಯ ಲ್ಯಾಪ್‌ಟಾಪ್ ಕೊಂಡ. ಐ5 ಎಂಬುದು ಇಂಟೆಲ್ ಕಂಪನಿಯ ಪ್ರೊಸೆಸರ್ ಚಿಪ್‌ಗಳ ಒಂದು ಸರಣಿ; ಕೋರ್ ಎಂದರೆ ಚಿಪ್‌ನೊಳಗೆ ನಿಜವಾಗಿ ಕೆಲಸ ಮಾಡುವ ಒಂದೊಂದು ಘಟಕ. ಅಂಗಡಿಯವರು ವಿಂಡೋಸ್‌ನಲ್ಲಿ ಯಂತ್ರದ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದು, ಪ್ರೊಸೆಸರ್ಸ್ ಎಂಬಲ್ಲಿ ಒತ್ತಿದರು. ಒಂದರ ಕೆಳಗೊಂದು ನಾಲ್ಕು ಸಾಲು, ನಾಲ್ಕರಲ್ಲೂ ಐ5-7200ಯು ಎಂಬ ಹೆಸರು. 'ನೀವೇ ಎಣಿಸಿಕೊಳ್ಳಿ' ಎಂದರು.

ಆ ಚಿಪ್‌ನಲ್ಲಿರುವುದು ಎರಡೇ ಕೋರ್. ಒಂದೇ ಕೋರ್‌ಗೆ ಏಕಕಾಲದಲ್ಲಿ ಎರಡು ಕೆಲಸ ಒಪ್ಪಿಸುವ ಹೈಪರ್‌ಥ್ರೆಡಿಂಗ್ ತಂತ್ರದಿಂದಾಗಿ ಪ್ರತಿ ಕೋರ್ ವಿಂಡೋಸ್‌ಗೆ ಎರಡು ಲಾಜಿಕಲ್ ಪ್ರೊಸೆಸರ್‌ಗಳಾಗಿ ಕಾಣುತ್ತದೆ. ಡಿವೈಸ್ ಮ್ಯಾನೇಜರ್ ಪಟ್ಟಿ ಮಾಡುವುದು ಅವುಗಳನ್ನೇ. ಒಂದು ಕೋರ್‌ನ ಈ ಎರಡಕ್ಕೂ ರಿಜಿಸ್ಟರ್‌ಗಳು (ಕೈಯಲ್ಲಿರುವ ಕೆಲಸದ ಅಂಕಿಗಳನ್ನು ಇಟ್ಟುಕೊಳ್ಳುವ ಜಾಗಗಳು) ಬೇರೆ ಬೇರೆ, ಆದರೆ ಲೆಕ್ಕ ಮಾಡುವ ಘಟಕಗಳೂ ಚಿಪ್‌ನೊಳಗಿನ ವೇಗದ ಸ್ಮರಣೆಯಾದ ಕ್ಯಾಶೆಯೂ ಒಂದೇ. ನಮ್ಮೂರಿನ ಮಂಡಕ್ಕಿ ಭಟ್ಟಿಯಲ್ಲಿ ಒಂದು ಒಲೆಗೆ ಇಬ್ಬರು ನಿಂತರೆ ಒಲೆ ಖಾಲಿ ಉರಿಯುವುದು ತಪ್ಪುತ್ತದೆ, ಒಲೆ ಎರಡಾಗುವುದಿಲ್ಲ. 2002ರಲ್ಲಿ ಈ ತಂತ್ರ ತಂದಾಗ ಇಂಟೆಲ್ ಹೇಳಿಕೊಂಡ ಲಾಭವೂ ಶೇ 30ರವರೆಗೆ ಮಾತ್ರ.

ವಿಡಿಯೊ ಎಕ್ಸ್‌ಪೋರ್ಟ್‌ಗೆ ಕೊಟ್ಟರೆ ಲಾಜಿಕಲ್ ಪ್ರೊಸೆಸರ್‌ಗಳ ಬಳಕೆ ತೋರಿಸುವ ನಾಲ್ಕೂ ಗ್ರಾಫ್ ನೂರಕ್ಕೆ ಏರಿ ನಿಲ್ಲುತ್ತಿದ್ದವು, ಕೆಲಸ ಮಾತ್ರ ರಾತ್ರಿಯೆಲ್ಲ ಕುಂಟುತ್ತಿತ್ತು. ಹೇಳಿದ ದಿನಕ್ಕೆ ಪೆನ್‌ಡ್ರೈವ್ ಕೊಡಲಾಗದೆ ಕಾಯಂ ಗಿರಾಕಿಗಳು ಕೈತಪ್ಪಿದರು. ಕೇಳಲು ಹೋದರೆ, 'ವಿಂಡೋಸೇ ನಾಲ್ಕು ತೋರಿಸಿದೆಯಲ್ಲ' ಎಂಬ ಉತ್ತರ. ನನಗೆ ಸಿಟ್ಟು ಬಂದದ್ದು ಇಲ್ಲಿಯೇ. ವಿಂಡೋಸ್ ಸುಳ್ಳು ಹೇಳಿರಲಿಲ್ಲ. ಲಾಜಿಕಲ್ ಪ್ರೊಸೆಸರ್‌ಗಳನ್ನು ಕೋರ್ ಎಂದು ಹೆಸರಿಸಿ ಮಾರಿದವರು ಅಂಗಡಿಯವರು.

ಆದ್ದರಿಂದ ಹಣ ಕೊಡುವ ಮೊದಲು ವಿಂಡೋಸ್ 10 ಅಥವಾ 11ರಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಸಿ, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಒತ್ತಿಸಿ. ಗ್ರಾಫ್‌ನ ಕೆಳಗೆ ಸಾಕೆಟ್ಸ್ (ಚಿಪ್ ಕೂರುವ ಜಾಗಗಳು), ಕೋರ್ಸ್, ಲಾಜಿಕಲ್ ಪ್ರೊಸೆಸರ್ಸ್ ಎಂಬ ಮೂರು ಸಾಲುಗಳಿರುತ್ತವೆ. ತಮ್ಮನ ಲ್ಯಾಪ್‌ಟಾಪ್‌ನಲ್ಲಿ ಅವು 1, 2, 4 ಎಂದಿದ್ದವು. ನಡುವಿನದನ್ನು ನೋಡಿ. ಲಿನಕ್ಸ್‌ನಲ್ಲಿ 'ಎಲ್‌ಎಸ್‌ಸಿಪಿಯು' (lscpu) ಆದೇಶ ಕೊಟ್ಟಾಗ ಮೇಲೆ ಕಾಣುವ ಸಿಪಿಯು ಸಂಖ್ಯೆಯೂ ಲಾಜಿಕಲ್‌ನದೇ. ಸಾಕೆಟ್‌ಗೆ ಎಷ್ಟು ಕೋರ್ ಎಂಬ ಸಾಲನ್ನು ಸಾಕೆಟ್‌ಗಳ ಸಂಖ್ಯೆಯಿಂದ ಗುಣಿಸಿಕೊಳ್ಳಬೇಕು.

ಡಿವೈಸ್ ಮ್ಯಾನೇಜರ್‌ನ ಸಾಲುಗಳನ್ನು ಎರಡರಿಂದ ಭಾಗಿಸಿದರೆ ಸಾಕು ಎಂದುಕೊಳ್ಳಬೇಡಿ. ಐ5-9400ರಲ್ಲಿ ಆರು ಕೋರ್, ಆರೇ ಥ್ರೆಡ್ (ಅಂದರೆ ಲಾಜಿಕಲ್ ಪ್ರೊಸೆಸರ್). ಐ5-1235ಯುನಲ್ಲಿ ಹತ್ತು ಕೋರ್, ಹನ್ನೆರಡು ಥ್ರೆಡ್. ಅಲ್ಲಿ ಎರಡು ದೊಡ್ಡ ಕೋರ್‌ಗಳಿಗೆ ಮಾತ್ರ ಹೈಪರ್‌ಥ್ರೆಡಿಂಗ್ ಇದೆ. ಐ5 ಎಂಬ ಹೆಸರಿನಿಂದಲೂ ಏನೂ ತಿಳಿಯದು: 7200ಯುನಲ್ಲಿ ಎರಡು ಕೋರ್ ಇದ್ದರೆ, ಮರುವರ್ಷ 2017ರಲ್ಲಿ ಬಂದ 8250ಯುನಲ್ಲಿ ನಾಲ್ಕು.

ತಮ್ಮನ ಬಿಲ್ಲಿನಲ್ಲಿ ಇದ್ದದ್ದು 'ಐ5 ಲ್ಯಾಪ್‌ಟಾಪ್' ಎಂದಷ್ಟೇ. ಹಾಗಾಗಿ ವಾದಿಸಲು ಹಿಡಿತವೇ ಸಿಗಲಿಲ್ಲ. ನೀವು ಪೂರ್ತಿ ಮಾದರಿ ಸಂಖ್ಯೆಯನ್ನೂ ಕೋರ್‌ಗಳ ಸಂಖ್ಯೆಯನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಪಕ್ಕದ ಅಂಗಡಿಗೆ ನಡೆಯಿರಿ.