ಹರಾಜಿನಲ್ಲಿ ಮೋಸವಾದರೆ ದುಡ್ಡು ವಾಪಸ್: ಯಾವ ದಾರಿ ಒಳ್ಳೆಯದು?

ಆನ್‌ಲೈನ್ ಹರಾಜಿನಲ್ಲಿ ಹೇಳಿದ್ದೊಂದು, ಬಂದಿದ್ದೊಂದು ಆದರೆ ಎಲ್ಲಿಗೆ ಹೋಗಬೇಕು? ಹರಾಜು ನಡೆಸಿದ ಸೈಟು, ಬ್ಯಾಂಕಿನ ಚಾರ್ಜ್‌ಬ್ಯಾಕ್ (ಕಾರ್ಡಿನಲ್ಲಿ ಕಟ್ಟಿದ ದುಡ್ಡನ್ನು ಬ್ಯಾಂಕಿನ ಮೂಲಕ ವಾಪಸ್ ಪಡೆಯೋದು), ಗ್ರಾಹಕರ ದೂರಿಗಿರುವ 1915 ಸಹಾಯವಾಣಿ, ಗ್ರಾಹಕ ಆಯೋಗ. ನಮ್ಮ ಮನೆಯವರ ಬೇರೆ ಬೇರೆ ಖರೀದಿಗಳಿಗಾಗಿ ಈ ನಾಲ್ಕೂ ಕಡೆ ಓಡಾಡಿದ್ದೇನೆ. ನನ್ನ ಪ್ರಕಾರ, ನೀವು ದುಡ್ಡು ಹೇಗೆ ಕಟ್ಟಿದ್ದೀರಿ ಅನ್ನೋದನ್ನ ನೋಡಿಯೇ ದಾರಿ ಆರಿಸಬೇಕು.

ನಾನು ಕೊಂಡಿದ್ದು 1939ರ ಬೆಳ್ಳಿ ರೂಪಾಯಿ. ಆರನೇ ಜಾರ್ಜ್ ಮುಖವಿರುವ ಈ ನಾಣ್ಯ ಬಲು ಅಪರೂಪ. 1938ರದ್ದು ಹುಡುಕಿದರೆ ಸಿಗುತ್ತದೆ. ಅದಕ್ಕೇ ಕೆಲವರು 8ನ್ನು ತಿದ್ದಿ 9 ಮಾಡುತ್ತಾರೆ. ನನಗೆ ಬಂದಿದ್ದರ ತೂಕ 11.66 ಗ್ರಾಂ, ಸರಿಯಾಗೇ ಇತ್ತು. ಬೆಳ್ಳಿಯೂ ಅಸಲಿ. ಆದರೆ ಭೂತಗನ್ನಡಿ ಹಿಡಿದರೆ 9ರ ಸುತ್ತ ಮಾತ್ರ ಕೆರೆದ ಗೀರುಗಳು. ಪಕ್ಕದ 1, 9, 3ರ ಸುತ್ತ ಎಲ್ಲ ನುಣುಪು. ಸೈಟಿನ ಫೋಟೋದಲ್ಲಿ ಸರಿಯಾಗಿ ಆ ಜಾಗಕ್ಕೇ ಬೆಳಕು ಹೊಡೆದಿತ್ತು.

ಸೈಟಿನವರ ಮೊದಲ ಉತ್ತರ: ಹರಾಜಾದ ಮಾಲು ವಾಪಸ್ ಇಲ್ಲ. ಈ ಮಾತಿಗೆ ಸುಮ್ಮನಾಗಬೇಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ವಸ್ತು ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಮಾರಿದವರು ಅದನ್ನು ವಾಪಸ್ ತೆಗೆದುಕೊಳ್ಳಲು, ದುಡ್ಡು ಕೊಡಲು ನಿರಾಕರಿಸುವಂತಿಲ್ಲ. ಸೈಟಿನ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಇದನ್ನೇ ಮೇಲ್‌ನಲ್ಲಿ ಬರೆದ ಮೇಲೆ ಧಾಟಿ ಬದಲಾಯಿತು. ಆದರೂ ಬಿಡ್ ಮೊತ್ತ ಮಾತ್ರ ಕೊಡುತ್ತೇವೆ, ಅದರ ಮೇಲಿನ ಕಮಿಷನ್, ಜಿಎಸ್‌ಟಿ, ಅಂಚೆ ಖರ್ಚು ಕೊಡಲ್ಲ ಅಂದರು. ಸುಳ್ಳು ಹೇಳಿ ಮಾರಿದವರು ಕಮಿಷನ್ ಇಟ್ಟುಕೊಳ್ಳೋದು ಯಾವ ನ್ಯಾಯ? ನಾನು ಒಪ್ಪಲಿಲ್ಲ. ಒಂದು ಮಾತು: ವ್ಯಾಪಾರಿಯಲ್ಲದ ಒಬ್ಬ ವ್ಯಕ್ತಿ ತನ್ನ ಮನೆಯ ಹಳೇ ವಸ್ತು ಮಾರಿದ್ದರೆ ಈ ನಿಯಮ ಅವನಿಗೆ ಅನ್ವಯಿಸಲ್ಲ.

ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರಿಂದ ಬ್ಯಾಂಕಿಗೆ ಹೋದೆ. ನಾಲ್ಕರಲ್ಲಿ ನನಗೆ ಅತಿ ಹಿಡಿಸಿದ್ದು ಇದೇ. ಕಾರಣ ಸರಳ: ಇಲ್ಲಿ ಮಾರಿದವರ ಒಪ್ಪಿಗೆಗಾಗಿ ಕಾಯಬೇಕಿಲ್ಲ. ‘ಹೇಳಿದಂತೆ ಇಲ್ಲ’ ಎಂಬ ಕಾರಣ ಕೊಟ್ಟು ಡಿಸ್ಪ್ಯೂಟ್, ಅಂದರೆ ತಕರಾರು ಹಾಕಬೇಕು. ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲಗಳಲ್ಲಿ ಇದಕ್ಕೆ ಸಾಮಾನ್ಯವಾಗಿ 120 ದಿನ ಇರುತ್ತದೆ. ಬ್ಯಾಂಕಿನ ಗಡುವು ಇನ್ನೂ ಕಡಿಮೆ ಇರಬಹುದು, ಹಾಗಾಗಿ ತಡ ಮಾಡಬೇಡಿ. ನಾಣ್ಯದ ಬಗ್ಗೆ ಬಲ್ಲವರೊಬ್ಬರು ಬರೆದುಕೊಟ್ಟ ಅಭಿಪ್ರಾಯ, ದೊಡ್ಡದು ಮಾಡಿದ ಫೋಟೋ, ನಾಣ್ಯ ವಾಪಸ್ ಕಳಿಸಲು ಸಿದ್ಧ ಎಂದು ನಾನು ಬರೆದಿದ್ದ ಮೇಲ್, ಮೂರನ್ನೂ ಕೊಟ್ಟೆ. ಮಾರಿದವರು ವಾದ ಹೂಡಿದರು, ನಿಲ್ಲಲಿಲ್ಲ. ಕಮಿಷನ್ ಸೇರಿ ಪೂರ್ತಿ ದುಡ್ಡು ಬಂತು.

ನನ್ನ ಭಾವ ಯುಪಿಐನಲ್ಲಿ ಕಟ್ಟಿ ಹಳೇ ಕ್ಯಾಮೆರಾ ಲೆನ್ಸ್ ಕೊಂಡಿದ್ದರು. ‘ಗಾಜು ಸ್ವಚ್ಛ’ ಅಂತ ಬರೆದಿತ್ತು, ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಬೂಷ್ಟು. ಕಾರ್ಡಿನ ಹಾಗೆ ಇಲ್ಲಿ ಡಿಸ್ಪ್ಯೂಟ್ ಹಾಕಿ ಗೆಲ್ಲೋದು ಕಷ್ಟ, ಯಾಕಂದ್ರೆ ದುಡ್ಡನ್ನು ನಾವೇ ಪಿನ್ ಒತ್ತಿ ಕಳಿಸಿರುತ್ತೇವೆ. 1915ಕ್ಕೆ ಕರೆ ಮಾಡಿ ದೂರು ಕೊಟ್ಟೆವು. ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಅವರು ದೂರನ್ನು ಕಂಪನಿಗೆ ಕಳಿಸುತ್ತಾರೆ, ಆದೇಶ ಮಾಡುವ ಅಧಿಕಾರ ಇಲ್ಲ. ಹೆಸರು ಉಳಿಸಿಕೊಳ್ಳಬೇಕಾದ ಕಂಪನಿ ಆದ್ದರಿಂದ ಲೆನ್ಸಿನ ದುಡ್ಡು ವಾಪಸ್ ಬಂತು. ಹೆಸರಿಲ್ಲದ ಸೈಟಾದರೆ ನನಗೆ ಅಷ್ಟು ನಂಬಿಕೆ ಇಲ್ಲ.

ಅಂಥ ಕಡೆ ಗ್ರಾಹಕ ಆಯೋಗವೇ ಗತಿ. ಚಿಕ್ಕಪ್ಪ ‘ಹಳೇ ಕಾಲದ್ದು’ ಅಂತ ಕೊಂಡ ಗ್ರಾಮಫೋನು, ಹೊಸ ಹಿತ್ತಾಳೆ ಕಹಳೆಗೆ ಹಳೇ ಬಿಡಿಭಾಗ ಜೋಡಿಸಿದ್ದು. ದುಡ್ಡು ನೇರ ಖಾತೆಗೆ ಹೋಗಿತ್ತು. ಸಹಾಯವಾಣಿಗೆ ಸೈಟಿನವರು ಉತ್ತರವನ್ನೇ ಕೊಡಲಿಲ್ಲ. ಆಯೋಗಕ್ಕೆ ಆನ್‌ಲೈನ್‌ನಲ್ಲಿ ದೂರು ಕೊಡುವ ಇ-ಜಾಗೃತಿ ಪೋರ್ಟಲ್‌ನಲ್ಲಿ ದೂರು ಹಾಕಿದೆವು. ಕೊಟ್ಟ ಮೊತ್ತ 5 ಲಕ್ಷದವರೆಗಿದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ. ಮಾರಿದವರು ಎಲ್ಲೇ ಇರಲಿ, ನೀವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಎರಡು ವರ್ಷ ಕಾಲಾವಕಾಶ ಇದೆ. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಬೇಕು ಅನ್ನುತ್ತದೆ ಕಾಯ್ದೆ, ನಡೆಯೋದು ಅದಕ್ಕಿಂತ ನಿಧಾನ. ಆದರೆ ನೋಟಿಸ್ ಕೈಗೆ ಸಿಕ್ಕಿದ ಮೇಲೆ ಎದುರಿನವರೇ ಫೋನ್ ಮಾಡಿ ರಾಜಿಗೆ ಬಂದರು. ಅಸಲಿನ ಜೊತೆ ಓಡಾಟದ ಖರ್ಚನ್ನೂ ಕೇಳಲು ಅವಕಾಶ ಇರೋದು ಇಲ್ಲಿ ಮಾತ್ರ.

ಮೂರು ದಿನದೊಳಗೆ ಹೇಳಿದರೆ ಬ್ಯಾಂಕೇ ದುಡ್ಡು ತುಂಬಿಕೊಡುತ್ತದೆ ಅಂತ ಜಾಸ್ತಿ ಜನ ನಂಬಿದ್ದಾರೆ. ರಿಸರ್ವ್ ಬ್ಯಾಂಕಿನ ಆ ನಿಯಮ ನಿಮಗೆ ಗೊತ್ತಿಲ್ಲದೆ ನಡೆದ ವ್ಯವಹಾರಕ್ಕೆ. ಹರಾಜಿನಲ್ಲಿ ಓಟಿಪಿ ಕೊಟ್ಟವರು ನಾವೇ ಅಲ್ವಾ? ಇನ್ನು ಮಾಲೇ ಬಾರದೆ ಮಾರಿದವನು ನಾಪತ್ತೆಯಾದರೆ ಇವು ಯಾವುವೂ ಬೇಡ, ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಇನ್ನೊಂದು ಖಾತೆಗೆ ಹಾರುವ ಮುಂಚೆ ತಡೆಹಿಡಿಸಬಹುದು.

ಎಲ್ಲ ಕಡೆಯೂ ಮೊದಲು ಕೇಳೋದು ಒಂದೇ: ಮಾರಿದವರಿಗೆ ಬರೆದು ದೂರು ಕೊಟ್ಟಿದ್ದೀರಾ? ಫೋನಿನಲ್ಲಿ ಜಗಳವಾಡಿದ್ದು ಲೆಕ್ಕಕ್ಕಿಲ್ಲ. ಮತ್ತೆ, ಬಿಡ್ ಹಾಕುವ ಮುಂಚೆಯೇ ಆ ಪುಟದ ವಿವರಣೆ, ಫೋಟೋ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಹರಾಜು ಮುಗಿದ ಮೇಲೆ ಗ್ರಾಮಫೋನಿನ ಪುಟದಲ್ಲಿದ್ದ ‘ಹಳೇ ಕಾಲದ್ದು’ ಅನ್ನೋದು ‘ಹಳೇ ಮಾದರಿಯದು’ ಅಂತಾಗಿತ್ತು.